ಹೊಂಗೆಕೆರೆ ಖಾಲಿ ಜಾಗವಲ್ಲ

ಏಪ್ರಿಲ್ ೧೯೭೮

ನಿವೇಶನ ಹಂಚುವ ಮಾನ್ಯ ಅಧಿಕಾರಿಗಳೇ,

ನೀವು ನಮ್ಮ ಕೆರೆಯನ್ನು ನಮ್ಮ ಕೈಯಿಂದಲೇ ಹೂಳಿಸುತ್ತಿದ್ದೀರಿ. ಸಂಕ್ರಾಂತಿ ಕಳೆಯುತ್ತಲೇ ಹೊಂಗೆಕೆರೆಯ ತೂಬು ತೆಗೆಸಿ ನೀರು ಬರಿದು ಮಾಡಿಸಿದಿರಿ. ಆಮೇಲೆ ಪೇಟೆಯಲ್ಲೆಲ್ಲ ಡಂಗುರ ಹೊಡೆಸಿದಿರಿ: ಮಣ್ಣು ತಂದು ಕೆರೆಯಂಗಳಕ್ಕೆ ಸುರಿದವರಿಗೆ ಮನೆ ನಿವೇಶನ ಮೊದಲು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸು ಈಗ ನಮ್ಮೂರಲ್ಲಿ ಮಣ್ಣಿನ ಗಾಡಿಗಳ ಹಿಂದೆ ತೆವಳುತ್ತದೆ.

ಆ ಗಾಡಿಗಳ ವಿಚಾರ ನಿಮಗೆ ಗೊತ್ತಿರಲಾರದು. ಪ್ರತಿ ಬೇಸಿಗೆಯಲ್ಲಿ ನೀರು ಇಳಿದಾಗ ಇವೇ ಗಾಡಿಗಳು ಕೆರೆಗಿಳಿದು, ತಳದ ಗೋಡುಮಣ್ಣು ತುಂಬಿಕೊಂಡು ಗದ್ದೆಗೆ ಹೊಡೆಯುತ್ತಿದ್ದವು. ಗದ್ದೆಗೆ ಗೊಬ್ಬರ, ಕೆರೆಗೆ ಆಳ. ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ. ಈ ವರ್ಷವೂ ಅದೇ ಎತ್ತು, ಅದೇ ನೊಗ, ಅದೇ ಜಾಡು. ಗಾಡಿ ಮಾತ್ರ ತುಂಬಿ ಇಳಿಯುತ್ತದೆ, ಬರಿದಾಗಿ ಏರುತ್ತದೆ. ನಮ್ಮ ಬೀದಿಯ ಪುಟ್ಟಮಾದಯ್ಯನ ಗಾಡಿಗೆ ಅಡ್ಡ ನಿಂತೆ. “ಏನ್ ಮಾವ, ನೀನೂವೆ?” ಎಂದೆ.

“ಅಡ್ಡ ಬರಬ್ಯಾಡ ಕಣ್ಲಾ. ಮೂರು ಜನ ಸೊಸೇರು ಒಂದೇ ಒಲೆ ಮುಂದೆ ಕಿತ್ತಾಡ್ತಾವೆ. ನಿನ್ ಕೆರೆ ಬಂದು ಬುಡಿಸ್ತದಾ ಜಗಳವ?”

ಗಾಡಿಗೆ ದಾರಿ ಬಿಟ್ಟೆ. ಉತ್ತರ ಕೊಡಬೇಕಾದವರು ನೀವು.

ನಾನು ಮನೆಗಳ ವಿರೋಧಿಯಲ್ಲ. ಶಾಲೆಯಲ್ಲಿ ಓದಿದ್ದು ಹತ್ತನೆಯ ತರಗತಿ. ಮಿಕ್ಕಿದ್ದನ್ನೆಲ್ಲ ಕರಪತ್ರಗಳಿಂದ ಕಲಿತೆ. ಅವನ್ನು ಓದಿಯೇ ಹೋದ ವರ್ಷ ಮಂಡ್ಯದ ನಿಮ್ಮ ಕಚೇರಿಯ ಮುಂದೆ ‘ತಲೆಗೊಂದು ಸೂರು’ ಎಂದು ಗಂಟಲು ಹರಿಯುವಂತೆ ಕೂಗಿದೆ. ಈಚೆಗೆ ಅದೇ ಬಾಗಿಲಿಗೆ ಬಂದು ಕೆರೆ ಉಳಿಸಿ ಎಂದಾಗ ನೀವು ನಕ್ಕಿರಿ. “ಸೂರು ಬೇಕು ಅಂತ ಕೂಗಿದವನು ನೀನೇ ಅಲ್ಲವೇನಯ್ಯ? ಕೊಟ್ಟರೆ ಬೇಡ ಅಂತೀಯ. ಖಾಲಿ ಬಿದ್ದಿರೋ ಜಾಗ ಕಣಯ್ಯ ಅದು” ಎಂದಿರಿ.

ಖಾಲಿ ಜಾಗ! ನೀರು ನಿಲ್ಲುವ ಜಾಗ ಖಾಲಿಯೇ, ಸ್ವಾಮಿ? ನಮ್ಮ ಅಜ್ಜಂದಿರ ಕಾಲದಿಂದ ಅಲ್ಲಿ ವಾಸವಾಗಿದ್ದ ನೀರು ಹಕ್ಕುಪತ್ರಕ್ಕೆ ಅರ್ಜಿ ಹಾಕಬೇಕಿತ್ತೇ? ಮುಂಗಾರಿನಲ್ಲಿ ಅದು ತನ್ನ ಮನೆ ಹುಡುಕಿಕೊಂಡು ಬಂದಾಗ ಯಾವ ಪೊಲೀಸರನ್ನು ಕರೆಸಿ ಒಕ್ಕಲೆಬ್ಬಿಸುತ್ತೀರಿ? ಕೆರೆಯ ಪಡುವಣ ದಿಣ್ಣೆಯಲ್ಲಿ ಸರ್ಕಾರದ್ದೇ ನೆಲವಿದೆ. ಹುಲ್ಲೂ ಸರಿಯಾಗಿ ಬೆಳೆಯದ ಕಲ್ಲುನೆಲ. ಅಲ್ಲಿ ತಳಪಾಯ ತೋಡುವುದು ಕಷ್ಟ ಎಂದಿರಿ. ಕಷ್ಟ, ನಿಜ. ಮೆತ್ತಗಿದೆ ಎಂಬ ಕಾರಣಕ್ಕೆ ಕೆರೆಯನ್ನೇ ಅಗೆಯಬೇಕೇ?

ನನ್ನ ಮನೆಯ ಸಂಗತಿ ಕೇಳಿ. ಅಪ್ಪ ಸತ್ತ ಮೇಲೆ ಬಾಡಿಗೆ ಮನೆಗಳಿಂದ ಪಾತ್ರೆ ಸಮೇತ ಬೀದಿಗೆ ಬಿದ್ದವಳು ನಮ್ಮಮ್ಮ, ಹೊಂಬಾಳಮ್ಮ. ಅವಳಿಗೆ ಗಾಡಿಯಿಲ್ಲ, ಮಂಕರಿಯಲ್ಲಿ ಮಣ್ಣು ಹೊತ್ತಳು. ಕೆರೆಯಂಗಳದಲ್ಲಿ ನಿವೇಶನ ಸಿಕ್ಕ ದಿನ ನಾಲ್ಕು ಮೂಲೆಗೂ ಕಲ್ಲು ನೆಟ್ಟು ಬಂದಳು. ನಾನು ಜಗಳ ತೆಗೆದೆ.

“ನಿನ್ ಕರಪತ್ರವ ಒಲೆಗಾಕು. ಕಂಡೋರ ಬಾಗ್ಲಲ್ಲಿ ಬಯ್ಸ್ಕೊಂಡೋಳು ನಾನು ಕಣ್ಲಾ, ನೀನಲ್ಲ” ಎಂದಳು.

ನಮ್ಮ ಬೀದಿಯ ಬಾವಿ ಕೆರೆಯೇರಿಯ ಕೆಳಗಿದೆ. ಸುತ್ತಮುತ್ತ ಸಿಹಿನೀರಿನ ಬಾವಿ ಅದೊಂದೇ. ಯುಗಾದಿಯ ಹೊತ್ತಿಗೆ ಅದರಲ್ಲಿ ಬಿಂದಿಗೆ ನೀರು ಮುಟ್ಟದೆ ತೂಗಾಡತೊಡಗಿತು. ಅಮ್ಮ ಹಗ್ಗದ ತುದಿಗೆ ಹಳೆಯ ಸೀರೆಯೊಂದನ್ನು ಗಂಟು ಹಾಕಿದಳು. ಈಗ ಎರಡನೆಯ ಸೀರೆಯೂ ಸೇರಿದೆ. ಮೇಲೆ ಬರುವುದು ಕೆಸರು. ನಿನ್ನೆ ಅದನ್ನು ಬಟ್ಟೆಯಲ್ಲಿ ಸೋಸುತ್ತ ಕೇಳಿದಳು: “ಲೇ, ಗೋಡೆ ಕಟ್ಟಕೆ ಮಣ್ ಕಲಸಬೇಕಲ್ಲ, ನೀರ ಎಲ್ಲಿಂದ ತರಾನ?”

ನಾನು ಹಗ್ಗ ಸುತ್ತತೊಡಗಿದೆ. ಅದನ್ನು ನೋಡುತ್ತ ಅವಳೇ ಅಂದಳು: “ಅಗ್ಗಕ್ಕೆ ಗಂಟಾಕಕೆ ಇನ್ನುಳಿದಿರಾದು ಉಟ್ಟಿರಾ ಸೀರೆ ಒಂದೇ ಕಣಪ್ಪ.”

ನಲ್ಲಿ ಹಾಕಿಸುತ್ತೇವೆ ಎನ್ನುತ್ತೀರಿ. ಯಾವ ನೀರನ್ನು ಬಿಡುತ್ತೀರಿ ಆ ನಲ್ಲಿಯಲ್ಲಿ? ಅಮ್ಮನಿಗೆ ಮನೆಯೂ ಬೇಕು, ನೀರೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳಲು ಅಧಿಕಾರಿ ಬೇಕಿಲ್ಲ, ಕಳ್ಳ ಸಾಕು. ಗಾಡಿಗಳನ್ನು ಇಂದೇ ನಿಲ್ಲಿಸಿ. ಸುರಿದ ಮಣ್ಣನ್ನು ಅವೇ ಗಾಡಿಗಳಲ್ಲಿ ದಿಣ್ಣೆಗೆ ಹೊಡೆಸಿ, ಮುಂಗಾರಿಗೆ ಮೊದಲು ತೂಬು ಮುಚ್ಚಿಸಿ. ಮಣ್ಣು ಹೊತ್ತವರಿಗೇ ದಿಣ್ಣೆಯಲ್ಲಿ ಮೊದಲ ಮನೆ ಕೊಡಿ. ಅಲ್ಲಿ ಬಂಡೆ ಒಡೆಯಲು ನಾನೂ, ನನ್ನ ಗೆಳೆಯರೂ ಕೂಲಿಯಿಲ್ಲದೆ ಬರುತ್ತೇವೆ.

ಈ ಪತ್ರವನ್ನು ಕಡತಕ್ಕೆ ಸೇರಿಸಿ ಕೈ ತೊಳೆದುಕೊಳ್ಳಬೇಡಿ. ಕೈ ತೊಳೆಯಲೂ ನಮ್ಮಲ್ಲಿ ನೀರಿಲ್ಲ. ಬನ್ನಿ. ಜೀಪು ಏರಿಯ ಮೇಲೆ ನಿಲ್ಲಲಿ, ನೀವು ಬಾವಿಗೆ ಇಳಿದು ಬನ್ನಿ. ಅಮ್ಮನ ಸೀರೆ ಹಿಡಿದು ನೀವೇ ಒಂದು ಬಿಂದಿಗೆ ಸೇದಿ, ಬಂದದ್ದನ್ನು ನಮ್ಮೆದುರು ಕುಡಿಯಿರಿ. ನೀವು ಕುಡಿದರೆ ಮಾರನೆಯ ದಿನದಿಂದ ಕೆರೆಗೆ ಮಣ್ಣು ಹೊರಲು ನಾನೇ ಮಂಕರಿ ಎತ್ತುತ್ತೇನೆ.

ಇಂತಿ,
ಸೂರು ಕೇಳಿ ಕೆರೆ ಕಳೆದುಕೊಳ್ಳುತ್ತಿರುವ
ಹೊಂಬಾಳಮ್ಮನ ಮಗ ಅಂಕಯ್ಯ

ಬರುವ ಸೋಮವಾರ, ಬೆಳಿಗ್ಗೆ ಆರು ಗಂಟೆ, ಏರಿ ಕೆಳಗಿನ ಬಾವಿ. ಹಗ್ಗ ಇಳಿಬಿಟ್ಟುಕೊಂಡು ಕಾಯುತ್ತಿರುತ್ತೇವೆ.