ಫೆಬ್ರವರಿ ಇಲ್ಲದ ಮಗಳು

ಅಪ್ಪ,

ನಿನ್ನ ಲೆಕ್ಕದ ಪ್ರಕಾರ, ನೀನು ನೋಡದ ನನ್ನ ಮಗಳಿಗೆ ಫೆಬ್ರವರಿಯೇ ಇಲ್ಲ. ಹುಟ್ಟಿದ್ದು ಜನವರಿ ಮೂವತ್ತೊಂದಕ್ಕೆ. ಒಂದು ತಿಂಗಳ ತಪಾಸಣೆಗೆ ಡಾಕ್ಟರ ಕಂಪ್ಯೂಟರು ಮಾರ್ಚ್ ಮೂವತ್ತೊಂದು ಎಂದಿತು. ಅಷ್ಟರಲ್ಲಿ ಆ ತಪಾಸಣೆಯ ಗಡುವೇ ಮುಗಿದಿರುತ್ತದೆ. ಕೆದಕಿದರೆ, ಒಳಗಿರುವುದು ನೀನು ಬರೆದ, ತಾರೀಕು ಲೆಕ್ಕ ಹಾಕುವ ಕೋಡು. ಬರೆದ ಕೋಡನ್ನೆಲ್ಲ ಎಲ್ಲರಿಗೂ ಬಿಟ್ಟಿಯಾಗಿ ಇಡುವ ನಿಮ್ಮ ಆ ಕಣಜದಿಂದ ಎತ್ತಿಕೊಂಡದ್ದು. ಮೂವತ್ತೊಂದು ಇಲ್ಲದ ತಿಂಗಳನ್ನು ಹಾರಿಸಿಬಿಡುತ್ತದೆ. ಕಾಲೇಜಿನಲ್ಲಿದ್ದಾಗಲೇ ನಾನು ಈ ತಪ್ಪನ್ನು ತೋರಿಸಿದ್ದೆ. "ಮೂವತ್ತೊಂದಕ್ಕೆ ಎಷ್ಟು ಜನ ಹುಟ್ತಾರೆ, ಬಿಡೇ" ಎಂದಿದ್ದೆ ನೀನು.

ಇವತ್ತು ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಲ್ಲೇ, ಆ ಕಣಜ ನೋಡಿಕೊಳ್ಳುವ ಹೈನರ್ ಮಾಮನಿಗೆ ಫೋನ್ ಮಾಡಿ, ಆ ಕೋಡನ್ನು ನನ್ನ ಹೆಸರಿಗೆ ಮಾಡಿಕೊಡಿ, ತಿದ್ದುತ್ತೇನೆ ಎಂದೆ.

"ಮೊದಲು ಬರೆದವರ ಒಪ್ಪಿಗೆ ಕೇಳಿ ಮೇಲ್ ಹಾಕ್ಬೇಕಲ್ಲ ಗೆಸಾ."

"ಅಪ್ಪನ್ನ ಮಣ್ಣು ಮಾಡೋಕೆ ನೀವೂ ಬಂದಿದ್ರಲ್ಲ ಮಾಮ."

"ಬಂದಿದ್ದೆ ಕಣಮ್ಮ. ಆದ್ರೆ ಈ ನಿಯಮ ಬರೆದೋನು ನಿಮ್ಮಪ್ಪನೇ. ಉತ್ತರ ಬರದಿದ್ರೆ ಎರಡು ತಿಂಗಳು ಕಾಯಿರಿ ಅಂತಾನೂ ಬರೆದಿಟ್ಟಿದ್ದಾನೆ."

ಫೋನಿಡುವಷ್ಟರಲ್ಲಿ ಅಡುಗೆಮನೆಯಲ್ಲಿ ನಿನ್ನ ಹಳೆಯ ಲ್ಯಾಪ್‌ಟಾಪ್ ಟಿಂಗ್ ಎಂದಿತು: ನಿನ್ನ ಒಪ್ಪಿಗೆ ಕೇಳಿ ಮಾಮ ಹಾಕಿದ ಮೇಲ್. ಆಗಷ್ಟೇ ಮಲಗಿದ್ದ ಮಗಳು ಬೆಚ್ಚಿ ಎದ್ದಳು.

ಅವಳನ್ನು ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ನಿನ್ನ ಹೆಸರಿನಿಂದ ಉತ್ತರ ಬರೆದೆ: "ಸರಿ. ಗೆಸಾಗೇ ಕೊಡು. ಅವಳು ಆಗಲೇ ಹೇಳಿದ್ದಳು, ನಾನೇ ಕೇಳಲಿಲ್ಲ."

ಓದಿ ನೋಡಿದೆ. ಯಾರೂ ನಂಬುವ ಹಾಗಿರಲಿಲ್ಲ. ಉಳಿದದ್ದೆಲ್ಲ ಅಳಿಸಿ, ಬರೀ "ಸರಿ" ಎಂದು ಕಳಿಸಿದೆ.

ಹೈನರ್ ಮಾಮ ಮತ್ತೆ ಫೋನ್ ಮಾಡಿದರು. "ಅವನೇ ಬರೆದ ಹಾಗಿದೆ ನೋಡು" ಎಂದರು.

ಗೆಸಾ