ಬಚ್ಚಲ ಕಿಟಕಿಯ ಏಳನೇ ಡಿಸ್ಕು

ಮಹಡಿ ಮನೆ, ಊಟದ ಮೇಜು
ಒಂಬತ್ತನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಡಾಕ್ಟರು ಮಲಗಿರು ಅಂದರೆ ಮಲಗಿರಬೇಕು ತಾಯಿ. ಒಂದು ಕೈಲಿ ಫೋನು, ಇನ್ನೊಂದು ಕೈಲಿ ಪೊರಕೆ ಹಿಡಿದು "ಮಲ್ಗೇ ಇದೀನಪ್ಪಾ" ಅನ್ನುವುದಲ್ಲ. ಅಳಿಯಂದಿರು ಎಲ್ಲ ಹೇಳಿದ್ದಾರೆ. ಅವರ ಮೇಲೆ ರೇಗಬೇಡ, ಬಾಯಿ ಬಿಡಿಸಿದವನು ನಾನು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ನಿನ್ನಾಣೆ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನೀನು ಕೇಳಿದೆಯಲ್ಲ, "ಅಪ್ಪಾ, ಮಗು ಬರೋದ್ರೊಳಗೆ ಒಂದೇ ಒಂದ್ಸಲ ಅಮ್ಮನ ದನಿ ಕೇಳ್ಬೇಕು. ಮುಖ ಫೋಟೋದಲ್ಲಿದೆ, ದನಿ ಎಲ್ಲೂ ಇಲ್ಲ" ಅಂತ. ಆವತ್ತು ನಾನು ಬೇರೆ ಮಾತು ತೆಗೆದೆ. ನಿಜ ಹೇಳಿಬಿಡುತ್ತೇನೆ, ನನಗೂ ನೆನಪಿರಲಿಲ್ಲ. ಅವಳು ಏನೇನು ಹೇಳುತ್ತಿದ್ದಳು ಎಂಬುದೆಲ್ಲ ನೆನಪಿದೆ, ಅದು ಹೇಗೆ ಕೇಳಿಸುತ್ತಿತ್ತು ಎಂಬುದು ಮಾತ್ರ ಅವಳು ಹೋದಮೇಲಿನ ಈ ಇಪ್ಪತ್ತಮೂರು ವರ್ಷದಲ್ಲಿ ಕರಗಿಹೋಗಿತ್ತು. ಗಂಡನಾದವನು ಇದನ್ನು ಹೇಗೆ ಹೇಳಿಕೊಳ್ಳುವುದು? ಮರುದಿನವೇ ಬೀರುವಿನ ಮೇಲಿಂದ ಬಿಸ್ಕತ್ತಿನ ಡಬ್ಬ ಇಳಿಸಿ, ನಮ್ಮ ಹಳೇ ವಿಡಿಯೋ ಕ್ಯಾಮೆರಾದ ಪುಟಾಣಿ ಡಿಸ್ಕುಗಳನ್ನು ಪೆನ್ ಡ್ರೈವಿಗೆ ಹಾಕಿಸಲು ಮಾರುಕಟ್ಟೆ ಹಿಂದಿನ ಅಂಗಡಿಗೆ ಒಯ್ದೆ. ನೀನು ಎರಡು ಸಲ ಅಂಗಡಿಗೆ ಫೋನ್ ಮಾಡಿ ವಿಚಾರಿಸಿದೆಯಲ್ಲ, ಆ ಹೆಂಗಸೇ ಅಂಗಡಿ ನಡೆಸುವುದು. ಕನ್ನಡಕ ಹಣೆಗೇರಿಸಿ, ಡಿಸ್ಕನ್ನು ಅಂಚಿನಲ್ಲಷ್ಟೇ ಹಿಡಿದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಹೊರಕ್ಕೆ ಒರೆಸುತ್ತಾರೆ. ನಾನು ತಟ್ಟೆ ಒರೆಸಿದ ಹಾಗೆ ಗುಂಡಗೆ ಒರೆಸಲು ಹೋಗಿ ಬೈಸಿಕೊಂಡೆ.

ಜೀವಮಾನವಿಡೀ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವನು ನಾನು. "ಅಲ್ಲಾಡ್ಬೇಡಿ, ಮಾತಾಡ್ಬೇಡಿ, ಗದ್ದ ಸ್ವಲ್ಪ ಕೆಳಗೆ." ವಿಡಿಯೋ ಕ್ಯಾಮೆರಾ ಹಿಡಿದಾಗಲೂ ಬಾಯಿಗೆ ಬಂದದ್ದು ಅದೇ! ಡಿಸ್ಕಿನ ಮೇಲೆ ಡಿಸ್ಕು ಹಾಕಿ ನೋಡುತ್ತೇವೆ, ಎಲ್ಲದರಲ್ಲೂ ನಿನ್ನಮ್ಮ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಮೂರು ಗಾಲಿ ಸೈಕಲ್ಲಿನ ಮೇಲೆ ನೀನು ಗರ ಬಡಿದವಳ ಹಾಗೆ ಕೂತಿದ್ದೀಯ. ಕೇಳಿಸುವುದು ನನ್ನ ಗದರಿಕೆ ಒಂದೇ. ಹತ್ತೊಂಬತ್ತು ಡಿಸ್ಕು ಮುಗಿದ ಮೇಲೆ ಅಂಗಡಿಯಾಕೆ ತಡೆಯಲಾರದೆ, "ಸರ್, ಇವ್ರಿಗೆ ಒಂದಿನನಾದ್ರೂ ಬಾಯಿ ಬಿಡೋಕೆ ಬಿಟ್ಟಿದ್ರಾ?" ಅಂದರು. ನಾನು ಡಿಸ್ಕುಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬತೊಡಗಿದೆ. ನಿನಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಅವರು ಡಿಸ್ಕಿನ ಮೇಲೆ ನಾನೇ ಬರೆದ ನಂಬರು ನೋಡುತ್ತ, "ಆರಾದ್ಮೇಲೆ ಎಂಟಿದೆ. ಏಳೆಲ್ಲಿ?" ಅಂದರು.

ಏಳನೇದು ನಮ್ಮ ಬಚ್ಚಲುಮನೆ ಕಿಟಕಿಯಲ್ಲಿತ್ತು! ಯಾವತ್ತೋ ಕ್ಯಾಮೆರಾ ಆರಿಸಲು ಮರೆತು ಮೇಜಿನ ಮೇಲಿಟ್ಟು ಹೋಗಿದ್ದೆ. ಬರೀ ಗೋಡೆ ಬಂದಿದೆ ಎಂದು, ಪೂರ್ತಿ ನೋಡದೆ, ಸಿಟ್ಟಿನಿಂದ "ಹಾಳು" ಎಂದು ಗೀಚಿ, ಪಾರಿವಾಳ ಹೆದರಲಿ ಎಂದು ದಾರ ಕಟ್ಟಿ ತೂಗುಹಾಕಿದ್ದೆ. ಪಾರಿವಾಳಗಳು ಹೆದರುವುದಿರಲಿ, ಅದರ ಪಕ್ಕದಲ್ಲೇ ಮೂರು ಸಂಸಾರ ಹೂಡಿದವು. ಬಿಚ್ಚಿ ತಂದು ತೋರಿಸಿದೆ. ಅಂಗಡಿಯಾಕೆ ಬೆಳಕಿಗೆ ಹಿಡಿದು, "ಬಿಸಿಲು ಇದರ ಬಣ್ಣ ತಿಂದುಬಿಡುತ್ತೆ ಸರ್, ರೆಕಾರ್ಡಾಗಿರೋದು ಅದ್ರಲ್ಲೇ. ಆಸೆ ಇಟ್ಕೋಬೇಡಿ" ಅಂದರು. ಹಾಗೆಂದವರೇ ಎಂಟು ದಿನ ಬಿಡಲಿಲ್ಲ. ಒಂದು ಯಂತ್ರ ಓದದಿದ್ದರೆ ಇನ್ನೊಂದು, ಅದೂ ಸುಸ್ತಾದರೆ ಮತ್ತೊಂದು. ಅರ್ಧ ಗಂಟೆಯ ಡಿಸ್ಕಿನಲ್ಲಿ ಹನ್ನೊಂದು ನಿಮಿಷ ಉಳಿದು ಬಂತು.

ಚಿತ್ರ ಏನಿಲ್ಲ ಪುಟ್ಟಿ, ಒಂದು ನೀರಿನ ಜಗ್ಗು, ಹಿಂದೆ ಗೋಡೆ. ಆದರೆ ಚಿತ್ರಕ್ಕೆ ಸಿಗದ ಕಡೆ ನಿನ್ನಮ್ಮ ನಿನಗೆ ಸ್ವೆಟರ್ ತೊಡಿಸುವುದು ಕೇಳಿಸುತ್ತದೆ. "ಈ ಕೈ ಅಲ್ವೇ, ಆ ಕೈ. ಎರಡೂ ಕೈ ಒಂದೇ ತೋಳಿಗೆ ತೂರಿಸಿದ್ರೆ ಹೆಂಗೆ ಕಣೇ ಚಿನ್ನಾ?" ನೀನು ಕಿಲಕಿಲ ನಗುತ್ತೀಯ. ಆಮೇಲೆ ಅವಳು ದನಿ ದಪ್ಪ ಮಾಡಿಕೊಂಡು, "ನಿಮ್ಮಪ್ಪ ಬಂದ್ರು ನೋಡು. ಗದ್ದಾ ಕೆಳಗೇ!" ಎಂದು ನನ್ನನ್ನೇ ಅಣಕಿಸುತ್ತಾಳೆ, ಕಳ್ಳಿ. ಅಷ್ಟನ್ನೇ ಮೂರು ಸಲ ಹಾಕಿಸಿ ಕೇಳಿದೆ. ಇದೆಂಥ ವಿಚಿತ್ರ ಹೇಳು! ಅಂಗೈಯಗಲದ ಆ ಬಿಲ್ಲೆಯೊಳಗೆ ಅವಳ ನಗು ಇಷ್ಟು ವರ್ಷ ಗಾಳಿಗೆ ತಿರುಗುತ್ತಿತ್ತು. ನಾನು ದಿನಾ ಬೆಳಿಗ್ಗೆ ಅದರ ಮುಂದೆಯೇ ನಿಂತು ಹಲ್ಲುಜ್ಜಿದ್ದೇನೆ.

ಪೆನ್ ಡ್ರೈವನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆಗೇ ಇಟ್ಟಿದ್ದೇನೆ. ಇನ್ನೊಂದು ಪ್ರತಿ ನನ್ನ ಹತ್ತಿರ, ಮತ್ತೊಂದು ಅಂಗಡಿಯಾಕೆಯ ಹತ್ತಿರ. ನನ್ನನ್ನು ಅವರು ನಂಬುವುದಿಲ್ಲವಂತೆ. ಅಳಿಯಂದಿರಿಗೆ ನನ್ನ ನೆನಪು ಹೇಳು. ನೀನೂ ಹೊಟ್ಟೆಯಲ್ಲಿರುವ ನಮ್ಮ ಬಂಗಾರವೂ ನೂರ್ಕಾಲ ತಣ್ಣಗಿರಿ.

ನಿನ್ನ,
ಗದ್ದ-ಕೆಳಗೆ ಅಪ್ಪ

ಮರೆತಿದ್ದೆ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಆ ದನಿಯನ್ನು ಮೊದಲು ಕೇಳಿದ್ದು ನಾನಲ್ಲ, ಅಂಗಡಿಯಾಕೆ. ಕೇಳಿದವರೇ ಹೆಡ್‌ಫೋನ್ ತೆಗೆದು, "ಸರ್, ಇದು ನಿಮ್ಮ ಮಗಳಲ್ವಾ? ಮೊನ್ನೆ ನನ್ಹತ್ರ ಫೋನಲ್ಲಿ ಮಾತಾಡಿದ್ರಲ್ಲ, ಅವ್ರೇ ಅಲ್ವಾ?" ಅಂದರು. ನಾನು ನಕ್ಕುಬಿಟ್ಟೆ. ಆಮೇಲೆ ಕೇಳಿದೆ. ನೀನೇ ಪುಟ್ಟಿ. ಮಾತಿನ ಕೊನೆಗೆ ಎಳೆಯುವ ರಾಗ ಕೂಡ ನಿನ್ನದೇ. ನೀನು ಫೋನ್ ಮಾಡಿದಾಗಲೆಲ್ಲ ನಾನು ಮಾತು ಮರೆತು ಕೂರುತ್ತೇನೆ, ನೀನು "ಅಪ್ಪಾ, ಲೈನಲ್ಲಿದೀಯಾ?" ಎಂದು ರೇಗುತ್ತೀಯ. ಯಾಕೆ ಹಾಗಾಗುತ್ತದೆಂದು ನನಗೇ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಕಾಗದ ಸಿಕ್ಕ ಕೂಡಲೇ ಫೋನ್ ಮಾಡು. ನಾನು ಸುಮ್ಮನಿದ್ದರೆ ಇಟ್ಟುಬಿಡಬೇಡ, ಮಾತಾಡುತ್ತಲೇ ಇರು.