ಶಾಲಿನ ಅಂಚು

ಮಧುಗಿರಿ, ಶ್ರಾವಣ ಮಾಸ, 1931

ಪೂಜ್ಯ ಮಾವನವರಾದ ಮಹಾಲಿಂಗಯ್ಯನವರಿಗೆ ಅಳಿಯ ನಾಗಲಿಂಗಯ್ಯನ ಶರಣಾರ್ಥಿಗಳು.

ಬರುವ ಸೋಮವಾರ ಶಿರಾದಲ್ಲಿ ನನ್ನಿಂದ ಪುರಾಣದ ಜೂಜಿನ ಪ್ರಸಂಗ ಓದಿಸಬೇಕೆಂದು ಬರೆದಿದ್ದೀರಿ. ದಯಮಾಡಿ ಬೇರೆಯವರಿಂದ ಓದಿಸಿ.

ಮದುವೆಯಲ್ಲಿ ತಾವು ಜಗದಾಂಬೆಗೆ ಕೊಟ್ಟ ಲಿಂಗದ ಬೆಳ್ಳಿ ಕರಡಿಗೆ ಈಗ ಅವಳ ಕೊರಳಲ್ಲಿಲ್ಲ. ಕೊಂಡಿಗೆ ಬೆಸುಗೆ ಹಾಕಿಸಿ ತರುತ್ತೇನೆಂದು ಇಸಿದುಕೊಂಡು ಹೋಗಿ ಇಸ್ಪೀಟಿನಲ್ಲಿ ಸೋತೆ. ಅವಳು ಲಿಂಗವನ್ನು ಹಳೇ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು, "ಅಕ್ಕಸಾಲಿ ಇನ್ನೂ ಕೊಡ್ಲಿಲ್ವಾ? ಹಬ್ಬಕ್ಕಾದ್ರೂ ಇಸ್ಕೊಂಡ್ಬುಡಿ" ಅನ್ನುತ್ತಾಳೆ.

ಮೊನ್ನೆ ಇಲ್ಲಿನ ಮಠದಲ್ಲಿ ಅದೇ ಪ್ರಸಂಗ ಓದುತ್ತಿದ್ದೆ. ದೊರೆ ಹೆಂಡತಿಯನ್ನು ಪಣಕ್ಕೊಡ್ಡುವಲ್ಲಿಗೆ ಬಂದಾಗ, ಹೆಂಗಸರ ಸಾಲಿನಲ್ಲಿ ಕೂತ ಅವಳ ಕೊರಳಿನ ಬಟ್ಟೆಗಂಟು ಕಣ್ಣಿಗೆ ಬಿತ್ತು. ದನಿ ಹೊರಡಲಿಲ್ಲ. ಜನ ಅದನ್ನು ಭಕ್ತಿಯೆಂದುಕೊಂಡರು. ಅವಳ ಪಕ್ಕದಲ್ಲಿದ್ದ ಕರಿಬಸಮ್ಮನವರು, "ಏನ್ ಓದ್ತಾರೆ ಕಣಮ್ಮ ನಿಮ್ಮೆಜಮಾನ್ರು! ಕರುಳು ಕಿತ್ತು ಬತ್ತದೆ" ಎಂದು ಅವಳ ಕೈ ಹಿಡಿದರು. ಮಠದವರು ನನಗೆ ರೇಷ್ಮೆ ಅಂಚಿನ ಶಾಲು ಹೊದಿಸಿದರು. ಅದನ್ನು ಹೊದ್ದುಕೊಂಡೇ ಮನೆಗೆ ಬಂದೆ.

ಈ ಕಾಗದವನ್ನು ಅಂಚೆಗೆ ಹಾಕಿ ಬಂದು ಅವಳಿಗೆ ಎಲ್ಲವನ್ನೂ ಹೇಳುತ್ತೇನೆ. ಹಾಕಿದ ಮೇಲೆ ನಾನು ಹಿಂದೆಗೆಯುವಂತಿಲ್ಲ, ಅದಕ್ಕೇ ಮೊದಲು ತಮಗೆ ಬರೆದೆ. ಅವಳು ತವರಿಗೆ ಬಂದರೆ, ಕೊರಳಿನ ಗಂಟಿನ ವಿಷಯ ನೆರೆಯವರೆದುರು ಕೇಳಬೇಡಿ.

ಈಗಿರುವುದು ಹಳೇ ಸೀರೆಯ ತುಂಡಲ್ಲ. ಮಠದಿಂದ ಬಂದ ಸಂಜೆಯೇ, ಕರಡಿಗೆ ಬರುವವರೆಗೆ ಇದೇ ಇರಲಿ ಎಂದು, ನನಗೆ ಹೊದಿಸಿದ ಶಾಲಿನ ಅಂಚನ್ನು ಹರಿದು ಲಿಂಗವನ್ನು ಅದರಲ್ಲಿ ಕಟ್ಟಿಕೊಂಡಿದ್ದಾಳೆ.

ತಮ್ಮೆದುರು ತಲೆಯೆತ್ತಲಾರದ,
ನಾಗಲಿಂಗಯ್ಯ